ನಮ್ಮ ವಾಡೆಗೆ ಹತ್ತಿ ಬಂದದ್ದು

ನಮ್ಮ ಕಾಕಾ ಮನೆ ಮಾರುವವರ ಪೈಕಿ ಅಲ್ಲ. ಆದರೆ ಬಾಡಿಗೆಗೆ ಹಚ್ಚದೆ ಬಿಟ್ಟ ಜಾಗ ನಮ್ಮ ಕಾಸಾರಶಿರಸಿಯ ವಾಡೆಯಲ್ಲಿ ಒಂದೂ ಇರಲಿಲ್ಲ! ಕಟ್ಟೆಗೆ ಬಾಡಿಗೆ, ಮಾಳಿಗೆಗೆ ಬಾಡಿಗೆ, ದನದ ಕೊಟ್ಟಿಗೆಗೆ ಬಾಡಿಗೆ. ಒಲೆಯ ಹಿಂದೆ ಮಲಗುವ ಬೆಕ್ಕೊಂದೇ ಪುಕ್ಕಟೆ ಇತ್ತು. ಅದನ್ನೂ ಕಾಕಾ ಆಗೀಗ ಬೇರೆ ನಮೂನೆಯಿಂದ ನೋಡುತ್ತಿದ್ದ, ಪಾಪ, ಅದು ಬಾಲ ಸುತ್ತಿಕೊಂಡು ಇನ್ನಷ್ಟು ಸಣ್ಣದಾಗಿ ಮಲಗುತ್ತಿತ್ತು.

ಇದೆಲ್ಲ ಜಿಪುಣತನ ಎಂದುಕೊಂಡಿರಾ? ತಡೆಯಿರಿ. ಅದು ನಿಜಾಮರ ಆಳ್ವಿಕೆಯ ಕಾಲ. ನಮ್ಮ ಮುತ್ಯಾನಿಗೆ, ಅಂದರೆ ಕಾಕಾನ ತಂದೆಗೆ, ಲಕ್ವಾ ಹೊಡೆದು ಬಲಗಡೆಯ ಮೈ ಬಿದ್ದುಹೋಗಿತ್ತು. ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಎರಡೂ ಕಣ್ಣು ಹೋಗಿದ್ದವು. ಮುತ್ಯಾನನ್ನು ದಿನಕ್ಕೆ ಆರು ಸಲ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಎತ್ತಿ ಕೂಡಿಸಲು ಆಳು ಬೇಕು, ತಿಕ್ಕಲು ಎಣ್ಣೆ ಬೇಕು, ಕುಡಿಯಲು ಹಾಲು ಬೇಕು, ಉದಗೀರದಿಂದ ಟಾಂಗಾದಲ್ಲಿ ಬರುವ ಹಕೀಮರಿಗೆ ಫೀ ಬೇಕು. ಹೊಲದ ಜೋಳ ಮನೆಯವರ ಹೊಟ್ಟೆಗೆ ಸಾಕಾಗುತ್ತಿತ್ತು, ನಿಜ. ಹಕೀಮರು ಜೋಳ ಕಟ್ಟಿಕೊಂಡು ಹೋಗುತ್ತಾರೆಯೇ?

ಮುತ್ಯಾ ಮಾತ್ರ ನಗುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂಡಿಸಿದರೆ ಎಡಗೈಯಲ್ಲಿ ಲಿಂಗ ಹಿಡಿದುಕೊಳ್ಳುವನು. ಬಲಗೈ ಮಾಡಬೇಕಾದ ಕೆಲಸವನ್ನೆಲ್ಲ, ವಿಭೂತಿ ಹಚ್ಚುವುದು, ಪತ್ರಿ ಏರಿಸುವುದು, ಕಾಕಾ ಮಾಡುವನು. "ದೇವರು ಭಾಳ ಶಾಣ್ಯಾ ಅದಾನ ನೋಡು. ತನಗ ಬೇಕಾದ ಕೈ ಬಿಟ್ಟ, ನನಗ ಬೇಕಾದ ಕೈ ಒಯ್ದ!" ಎಂದು ಮುತ್ಯಾ ಸೊಟ್ಟ ಬಾಯಿಯಿಂದಲೇ ನಗುವನು.

ನಮ್ಮ ಅಪ್ಪ ಕಾಕಾನಿಗೆ ಅಣ್ಣ. ಉದಗೀರದಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ ಇಟ್ಟುಕೊಂಡು ಅಲ್ಲೇ ಇರುತ್ತಿದ್ದ. ಅವ್ವ ಮತ್ತು ನಾನು ಇಲ್ಲಿ ವಾಡೆಯಲ್ಲಿ. ಆ ಹೊತ್ತಿಗೆ ಔರಾದ ಶಹಾಜನಿಯಲ್ಲಿ ಹೊಸದಾಗಿ ಅಂಗಡಿ ತೆರೆದಿದ್ದ ಒಬ್ಬ ಶೇಟಜಿ, ಲಾತೂರ ಕಡೆಯ ಮರಾಠಿ ಮನುಷ್ಯ, ಸಂತೆ ಬೀದಿಗೆ ಮುಖಮಾಡಿದ ನಮ್ಮ ವಾಡೆಯ ಮೇಲೆ ಕಣ್ಣು ಹಾಕಿದ. ಅಪ್ಪ ಊರಿಗೆ ಬಂದು ಮುತ್ಯಾನ ಹಾಸಿಗೆಯ ಹತ್ತಿರ ಕೂತು ತಮ್ಮನಿಗೆ ಮೆಲ್ಲಗೆ ಹೇಳಿದ:

"ಮನಿ ಕೊಟ್ಟ ಬಿಡೂಣು ತಮ್ಮಾ. ಬಂದ ರೊಕ್ಕದಾಗ ಇಬ್ಬರನೂ ಚಂದಾಗಿ ನೋಡಕೋಬಹುದು."

"ಮನಿ ಮಾರಿ ಅಪ್ಪನ್ನ ಎಲ್ಲಿ ಮಲಗಸ್ತಿ ಅಣ್ಣಾ? ರೊಕ್ಕದ ಮ್ಯಾಲ ಮಲಗಸ್ತೀಯೇನು?"

"ಮತ್ತ ಖರ್ಚಿಗಿ ಎಲ್ಲಿಂದ ತರತಿ?"

"ಮನೀನ ತರತದ!" ಎಂದ ಕಾಕಾ. ಆ ಮಾತಿನ ಅರ್ಥ ಅವನಿಗೂ ಆಗ ಗೊತ್ತಿರಲಿಲ್ಲವೆಂದು ನನ್ನ ಗುಮಾನಿ.

ಅಪ್ಪನದೂ ತಪ್ಪಲ್ಲ. ದೀಪಾವಳಿಯ ತನಕ ಗಡುವು ಕೊಟ್ಟ. ಅಷ್ಟರಲ್ಲಿ ದಾರಿ ಕಾಣದಿದ್ದರೆ ಶೇಟಜಿಗೆ ಕಾಗದ ಮಾಡಿಕೊಡುವುದು ಖರೆ.

ಮರುದಿನವೇ ಶುರುವಾಯಿತು ನೋಡಿ! ಮಾಳಿಗೆಯನ್ನು ಕಾಕಾ ಮೆಣಸಿನಕಾಯಿ ವ್ಯಾಪಾರಿಯೊಬ್ಬನಿಗೆ ಕಾಯಿ ಒಣಗಿಸಲು ಕೊಟ್ಟ. ಗಾಳಿ ಬೀಸಿದರೆ ಇಡೀ ಮನೆ ಸೀನುವುದು. ಹಕೀಮರು ಬಂದವರು ಮುತ್ಯಾನ ನಾಡಿ ಹಿಡಿದರು, ಸೀನಿದರು, ಬಿಟ್ಟರು. ಮತ್ತೆ ಹಿಡಿದರು, ಮತ್ತೆ ಸೀನಿದರು. ಕಡೆಗೆ ಯಾರ ನಾಡಿ ಯಾರು ಹಿಡಿದಿದ್ದಾರೆಂದೇ ತಿಳಿಯದಾಗಿ ಟಾಂಗಾ ಹತ್ತಿದರು. ಕಾಕಾ ಹಿಂದೆಯೇ ಓಡಿದ: "ಹಕೀಮಸಾಬ, ನಾಡಿ ನೋಡಿದ್ದಕ್ಕ ಫೀ ಕೊಡತೀನ್ರೀ. ಸೀನಿದ್ದಕ್ಕ ಕೊಡೂದಿಲ್ಲ!"

ಕಟ್ಟೆಯನ್ನು ಕಚೇರಿಗೆ ಅರ್ಜಿ ಬರೆದುಕೊಡುವ ಮುನ್ಶಿಗೆ ಕೊಟ್ಟ. ಬಾಡಿಗೆ ಅರ್ಧ ರೊಕ್ಕ, ಇನ್ನರ್ಧ ಮಾತು! ದಿನಾ ಸಂಜೆ ಒಂದು ತಾಸು ಆಯಿಯ ಮುಂದೆ ಕೂತು ಆ ದಿನದ ತಂಟೆಗಳನ್ನೆಲ್ಲ ಹೇಳಬೇಕೆಂಬ ಕರಾರು. ಕಣ್ಣಿಲ್ಲದ ಜೀವಕ್ಕೆ ಹೊತ್ತು ಹೋಗಬೇಕಲ್ಲ? ಆಯಿ ಬರೀ ಕೇಳಿ ಬಿಡುವವಳೇ! ಎಲ್ಲದಕ್ಕೂ ಫೈಸಲಾ ಕೊಡತೊಡಗಿದಳು. "ಬದುವು ಒತ್ತಿದಂವಾ ಅಣ್ಣ ಅಲ್ಲ, ಅವನ ಹೇಣ್ತಿ. ಆಕಿನ್ನ ಕೇಳರಿ ಮೊದಲ." ತಹಸೀಲದಾರರ ಫೈಸಲಾ ಆರು ತಿಂಗಳಿಗೆ ಬರುತ್ತಿತ್ತು, ಆಯಿಯದು ಬಾಯಿಯ ಎಲೆಯಡಿಕೆ ಮುಗಿಯುವುದರೊಳಗೆ. ಕೆಲವರು ಅರ್ಜಿ ಬರೆಸುವುದನ್ನು ಬಿಟ್ಟು ನೇರ ಆಯಿಯ ಹತ್ತಿರವೇ ಬರತೊಡಗಿದಾಗ ಮುನ್ಶಿ ಕಂಗಾಲಾಗಿ, ಬಾಡಿಗೆ ಇಳಿಸಬೇಕೆಂದು ಕಾಕಾನಿಗೇ ಒಂದು ಅರ್ಜಿ ಬರೆದುಕೊಟ್ಟ!

ಕೊಟ್ಟಿಗೆಗೆ ಬಂದವನು ಒಬ್ಬ ಪೈಲ್ವಾನ. ಅವನು ರೊಕ್ಕ ಕೊಡಬೇಕಿರಲಿಲ್ಲ, ಬದಲಿಗೆ ಮುತ್ಯಾನನ್ನು ಎತ್ತಿ ಹೊರಳಿಸುವುದು ಅವನ ಪಾಳಿ. ಮೊದಲ ದಿನ ಗರಡಿಯಲ್ಲಿ ಎತ್ತಿದಂತೆ ಭುಜದೆತ್ತರಕ್ಕೆ ಎತ್ತಿಬಿಟ್ಟ. ಮುತ್ಯಾ ಮೇಲಿನಿಂದಲೇ ಕೂಗಿದ: "ಇಳಸೋ ಮಾರಾಯಾ! ನಾ ಕುಸ್ತಿಗಿ ಬಂದಿಲ್ಲ!" ಎರಡನೆಯ ವಾರದ ಹೊತ್ತಿಗೆ ಆ ಕೈ ಎಷ್ಟು ಹಗುರಾಯಿತೆಂದರೆ ಮುತ್ಯಾ ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತಿದ್ದ.

ಆದರೂ ಸಾಲುತ್ತಿರಲಿಲ್ಲ. ದೀಪಾವಳಿ ಹತ್ತಿರ ಬಂತು. ಕಾಕಾ ಊರೂರು ತಿರುಗಿ ಕಡೆಗೆ ಜಾಗೀರದಾರರ ಕಾರಭಾರಿಯನ್ನು ಹಿಡಿದ. ಅವರ ಹೊಲಗಳ ಹತ್ತಿ, ಗಾಡಿಗಳು ಉದಗೀರಕ್ಕೆ ಹೊರಡುವ ತನಕ, ನಮ್ಮ ಪಡಸಾಲೆಯಲ್ಲಿ ಇರುವುದು. ವರ್ಷಕ್ಕೆ ಇಷ್ಟು ಬಾಡಿಗೆ. ಮಾತು ಗಟ್ಟಿಯಾಯಿತು, ಕಾಗದ ಇನ್ನೂ ಆಗಿರಲಿಲ್ಲ. ಅಂದೇ ಶೇಟಜಿ ಮುಂಗಡದ ಚೀಲ ಹಿಡಿದು ಬರಬೇಕೇ! ಅಪ್ಪನ ಗಾಡಿ ಉದಗೀರದಿಂದ ಇನ್ನೂ ಬಂದಿರಲಿಲ್ಲ. ಕಾಕಾ ಒಬ್ಬನೇ ಸಿಕ್ಕ.

ಈಗ ಎರಡು ಮಾತು ಹೇಳಬೇಕು. ಕನ್ನಡಕ್ಕೆ ಬಾಲ ಹಚ್ಚಿದರೆ ಮರಾಠಿಯಾಗುತ್ತದೆ ಎಂಬುದು ಕಾಕಾನ ನಂಬಿಕೆ. ಮತ್ತು ನಮಗೆ ಹತ್ತಿ ಎಂದರೆ ಹತ್ತಿ. ಮರಾಠಿಯವರ ಕಿವಿಗೆ ಹತ್ತಿ ಎಂದರೆ ಆನೆ!

"ಕಾಯ, ವಾಡಾ ದೇತಾ ನಾ?" ಎಂದ ಶೇಟಜಿ, ಮನೆ ಕೊಡುತ್ತೀರಲ್ಲ ಎಂದು.

"ನಾಹೀ ಶೇಟಜಿ! ವಾಡ್ಯಾತ ಹತ್ತಿ ಯೇಣಾರ!" ಎಂದ ಕಾಕಾ ಎದೆಯುಬ್ಬಿಸಿ, ವಾಡೆಗೆ ಹತ್ತಿ ಬರುತ್ತದೆ ಎಂದು.

"ಹತ್ತಿ? ಕುಣಾಚಾ?" ಯಾರದು ಎಂದು ಶೇಟಜಿಯ ಪ್ರಶ್ನೆ.

"ಜಾಗೀರದಾರ ಸಾಹೇಬಾಂಚಾ!"

ಶೇಟಜಿಯ ಮುಖದ ರಂಗು ಅಲ್ಲೇ ಇಳಿಯಿತಂತೆ. ಮುಂದಿನದನ್ನು ನಿಮಗಾಗಿ ಕನ್ನಡದಲ್ಲೇ ಹೇಳುತ್ತೇನೆ. ಎಲ್ಲಿ ಇಡುತ್ತೀರಿ ಎಂದು ಅವನು ಕೇಳಿದ. ಪಡಸಾಲೆಯಲ್ಲಿ, ಹಿಡಿಯದಿದ್ದರೆ ಮಹಡಿಯ ಮೇಲೆ, ಎಂದ ಕಾಕಾ. ಮಹಡಿಯ ಮೇಲೆ ಹೇಗೆ ಹೋಗುತ್ತದೆ? ಹೇಗೆಂದರೆ? ತಲೆಯ ಮೇಲೆ ಹೊತ್ತು! ನಮ್ಮ ಪೈಲ್ವಾನ ಒಂದು ಸಲಕ್ಕೆ ಎರಡು ಒಯ್ಯುತ್ತಾನೆ! ಸರಿಯಾಗಿ ಆಗಲೇ ಪೈಲ್ವಾನ ಕೊಟ್ಟಿಗೆಯಿಂದ ಮೈಮುರಿಯುತ್ತ ಹೊರಗೆ ಬಂದ. ಶೇಟಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿ ಚೀಲ ಎದೆಗೊತ್ತಿಕೊಂಡ. ಅಷ್ಟಕ್ಕೇ ಬಿಟ್ಟನೇ ಕಾಕಾ? ಒಳಗೆ ತುಂಬಿದ ಮೇಲೆ ಮನೆಮಂದಿಯೆಲ್ಲ ಸೇರಿ ಕಾಲಿಂದ ತುಳಿದು ತುಳಿದು ಮಟ್ಟ ಮಾಡುತ್ತೇವೆ, ನಮ್ಮ ಕುರುಡು ಆಯಿ ಕೂಡ ತುಳಿಯುತ್ತಾಳೆ, ಎಂದ!

ಸಂಜೆ ಅಪ್ಪ ಬಂದಾಗ ಶೇಟಜಿ ಇರಲಿಲ್ಲ, ಮುಂಗಡವೂ ಇರಲಿಲ್ಲ. ಎರಡು ದಿನಕ್ಕೆ ಔರಾದದಿಂದ ಚೀಟಿ ಬಂತು: ಮನೆ ಬೇಡ, ಜಾಗೀರದಾರರ ಆನೆ ಕಟ್ಟುವ ಮನೆಯ ತಂಟೆಗೆ ನಾನು ಬರುವವನಲ್ಲ, ನಿಮ್ಮ ತಮ್ಮನನ್ನು ಯಾರಿಗಾದರೂ ತೋರಿಸಿ. ಅಪ್ಪ ಚೀಟಿಯನ್ನು ಮೂರು ಸಲ ಓದಿದ. ತಮ್ಮನನ್ನು ಕರೆದು ನಡೆದದ್ದನ್ನು ಕೇಳಿದ. ಆಮೇಲೆ ನಕ್ಕ ನಗೆಗೆ ಮಾಳಿಗೆಯ ಮೆಣಸಿನಕಾಯಿ ಬೇಕಾಗಲಿಲ್ಲ, ಎಲ್ಲರ ಕಣ್ಣಲ್ಲೂ ನೀರು!

ಸುದ್ದಿ ಅಷ್ಟಕ್ಕೆ ನಿಲ್ಲುತ್ತದೆಯೇ? ವಲಾಂಡಿಯಿಂದ ಒಂದು ಗಾಡಿ ತುಂಬ ಜನ ತೆಂಗಿನಕಾಯಿ, ಬೆಲ್ಲ ಹಿಡಿದು ಆನೆ ನೋಡಲು ಬಂದರು. ಅಷ್ಟರಲ್ಲಿ ಕಾಗದವೂ ಆಗಿ ಪಡಸಾಲೆಯಲ್ಲಿ ಸೂರು ಮುಟ್ಟುವಷ್ಟು ಹತ್ತಿ ಬಂದು ಬಿದ್ದಿತ್ತು.

"ಆನಿ ಎಲ್ಲಿ ಅದರೀ?"

"ಇದ ನೋಡ್ರೀ" ಎಂದ ಕಾಕಾ ಹತ್ತಿ ತೋರಿಸಿ.

ಅವರು ಸಿಟ್ಟಿನಿಂದ ಬೆಲ್ಲವನ್ನು ತಾವೇ ತಿಂದು ಹೋದರು. ಕಾಕಾ ಅಂದು ರಾತ್ರಿ ಊಟದಲ್ಲಿ ಬಹಳ ವಿಚಾರದಲ್ಲಿದ್ದ. ಕೈತೊಳೆಯುವಾಗ ಅವ್ವನಿಗೆ ಹೇಳಿದ: "ವೈನಿ, ನೋಡಲಾಕ ಬಂದವರಿಗೂ ಬಾಡಗಿ ಹಚ್ಚಬೇಕಾಗಿತ್ತು."

ಮನೆ ಉಳಿಯಿತು. ಅಪ್ಪನೂ ಅಂಗಡಿಯಿಂದ ಪ್ರತಿ ತಿಂಗಳು ತನ್ನ ಪಾಲು ಕಳಿಸತೊಡಗಿದ. ಮುತ್ಯಾನ ಬೆನ್ನಿಗೆ ಒಂದು ಹುಣ್ಣೂ ಆಗಲಿಲ್ಲ. ಕಾಕಾ ಮಾತ್ರ ತನ್ನ ಕೋಣೆಯನ್ನೂ ಬಾಡಿಗೆಗೆ ಕೊಟ್ಟು ಮುತ್ಯಾನ ಹಾಸಿಗೆಯ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಮಲಗುತ್ತಿದ್ದ. ನಮಗದು ಇನ್ನೊಂದು ನಗೆಯ ಮಾತಾಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಹತ್ತಿ ಬಂದ ನಾಲ್ಕನೆಯ ವರ್ಷದ ಚಳಿಯಲ್ಲಿ ಮುತ್ಯಾನ ದನಿ ಬಹಳ ಇಳಿದಿತ್ತು. ಒಂದು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಕಾಕಾನನ್ನು ಹತ್ತಿರ ಕರೆದ. ನಾನು ಅಲ್ಲೇ ಕಂಬಳಿ ಮಡಚುತ್ತಿದ್ದೆ.

"ಈ ಮನ್ಯಾಗ ಎಲ್ಲಾರೂ ಬಾಡಗಿ ಕೊಡತಾರ" ಎಂದ ಮುತ್ಯಾ, ಒಂದೊಂದೇ ಮಾತು ಎತ್ತಿಟ್ಟಂತೆ. "ನಾ ಒಬ್ಬಾಂವ ಪುಕ್ಕಟ ಬಿದ್ದೀನಿ. ನಂದು ಎಷ್ಟು ಆತೋ?"

ಯಾವ ಮಾತಿಗೂ ಉತ್ತರ ಬಾಕಿ ಇಡದ ಕಾಕಾ ಮುತ್ಯಾನ ಎಡಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಸಣ್ಣ ಕೂಸಿನಂತೆ ಅತ್ತುಬಿಟ್ಟ.

"ನೀ ಇರೂದ ಬಾಡಗಿ ಅಪ್ಪಾ. ದಿನಾ ಕೊಡಲಾಕತ್ತಿದಿ."

ಮುತ್ಯಾ ಆ ಬಾಡಿಗೆಯನ್ನು ಇನ್ನೊಂದೇ ತಿಂಗಳು ಕೊಟ್ಟ.