ಎಡಗಡೆಯ ಮುಂದಿನ ಟೈರು

ಹೆದರಿಕೆಯ ವಿಷಯದಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವಳಲ್ಲ. ಕುಕ್ಕರಿನ ಕೂಗು ಸ್ವಲ್ಪ ತಡವಾದರೆ ಅಡುಗೆಮನೆಯ ಬಾಗಿಲಾಚೆ ನಿಂತು ಕಾಯುತ್ತೇನೆ. ಲಿಫ್ಟಿನಲ್ಲಿ ಒಬ್ಬಳೇ ಹತ್ತುವುದಿಲ್ಲ. ಜೊತೆಗೆ ಯಾರಾದರೂ ಇದ್ದರೆ ಅವರ ಮುಖದಲ್ಲಿ ಧೈರ್ಯ ಇದೆಯೇ ಎಂದು ನೋಡಿಕೊಂಡು ಹತ್ತುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ, ಆ ಕಡೆಯಿಂದ ಇನ್ಶೂರೆನ್ಸ್ ಮಾರುವವರ ಧ್ವನಿ ಕೇಳುವಷ್ಟರಲ್ಲಿ ಮನೆಯವರನ್ನೆಲ್ಲ ಒಂದು ಸುತ್ತು ಆಸ್ಪತ್ರೆಗೆ ಸೇರಿಸಿ ಮುಗಿಸಿರುತ್ತೇನೆ. ಇಂಥ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಕಾರು ಓಡಿಸುವುದನ್ನು ಕಲಿತೆ ಎಂದರೆ ಜನ ನಂಬುವುದಿಲ್ಲ. ಕಲಿತದ್ದು ಧೈರ್ಯದಿಂದಲ್ಲ, ಬಸ್ಸಿನ ಹೆದರಿಕೆಯಿಂದ. ತುಮಕೂರಿನ ಬಟವಾಡಿಯ ನಮ್ಮ ಮನೆಯಿಂದ ಗುಬ್ಬಿಯ ಆಸ್ಪತ್ರೆಗೆ ದಿನಾ ಹೋಗಿಬರಬೇಕು. ಅಲ್ಲಿ ನಾನು ಲ್ಯಾಬ್ ಟೆಕ್ನಿಶಿಯನ್. ಹದಿನೆಂಟು ವರ್ಷ ಬಸ್ಸಿನ ಕಂಬಿಗೆ ಜೋತುಬಿದ್ದು, ಪ್ರತಿ ತಿರುವಿನಲ್ಲೂ ಇದೇ ಕೊನೆಯ ತಿರುವು ಅಂದುಕೊಂಡು, ಸಾಕಾಗಿ ಹೋಗಿತ್ತು.

ಕಲಿಸಿದವರು ನಮ್ಮ ಯಜಮಾನರೇ. ಅವರಿಗೆ ಆಫೀಸು ತುಮಕೂರಿನಲ್ಲೇ, ಸ್ಕೂಟರು ಸಾಕು. ಹಳೆಯ ಕಾರೊಂದನ್ನು ಕೊಂಡು, ಮೂರು ತಿಂಗಳು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ತಾವೂ ಒತ್ತಿ ಒತ್ತಿ ಕಲಿಸಿದರು. ಕೀ ಕೊಡುವ ದಿನ ಒಂದೇ ಒಂದು ಷರತ್ತು ಹಾಕಿದರು. ಎಲ್ಲಾದರೂ ಗುದ್ದಿದರೆ ಅವತ್ತಿನಿಂದ ಮತ್ತೆ ಬಸ್ಸು. ತಮಾಷೆಗೆ ಹೇಳಿದ್ದರೇನೋ, ಗೊತ್ತಿಲ್ಲ. ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವುದಕ್ಕೂ ಸ್ವಲ್ಪ ಧೈರ್ಯ ಬೇಕಾಗುತ್ತದೆ.

ನನಗೆ ಕಾರು ಬಂದದ್ದರಿಂದ ನನಗಿಂತ ಹೆಚ್ಚು ಖುಷಿಪಟ್ಟವರು ನಮ್ಮ ಅತ್ತೆ. ಅವರ ಮಗಳು, ಅಂದರೆ ನನ್ನ ನಾದಿನಿ, ಇರುವುದು ಕುಣಿಗಲ್‌ನಲ್ಲಿ. ತಿಂಗಳಿಗೊಂದು ಭಾನುವಾರ ನಾನು ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಪದ್ಧತಿಯಾಯಿತು. ಎಪ್ಪತ್ತೆರಡರ ಅತ್ತೆಗೆ ಹೆದರಿಕೆ ಎನ್ನುವುದು ಹುಟ್ಟಿನಿಂದಲೇ ಇಲ್ಲ. ನಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದು ಬೆವರುತ್ತಿದ್ದರೆ ಅವರು ಪಕ್ಕದಲ್ಲಿ ಕಡಲೆಕಾಯಿ ಬಿಡಿಸಿ ತಿನ್ನುತ್ತಾ, ಯಾರ ತೋಟದಲ್ಲಿ ತೆಂಗು ಹೇಗಿದೆ ಎಂದು ವರದಿ ಕೊಡುತ್ತಿರುತ್ತಾರೆ.

ರಾಗಿ ಕಟಾವಿನ ಕಾಲದ ಒಂದು ಭಾನುವಾರ ಗೂಳೂರು ದಾಟಿ ಹೋಗುತ್ತಿದ್ದೆವು. ಎದುರಿಗೆ ರಾಗಿ ಹುಲ್ಲು ಹೇರಿದ ಟ್ರಾಕ್ಟರೊಂದು ಬಂತು. ಹುಲ್ಲು ಎರಡು ಕಡೆಗೂ ಚಾಚಿಕೊಂಡು, ರಸ್ತೆಯೇ ಎದ್ದು ಬರುತ್ತಿದೆಯೇನೋ ಅನ್ನಿಸುವಂತಿತ್ತು. ನಾನು ಎಡಕ್ಕೆ ಸರಿದೆ. ಇನ್ನೂ ಸರಿದೆ. ಆಮೇಲೆ ಏನಾಯಿತೆಂದು ಖಚಿತವಾಗಿ ಹೇಳಲಾರೆ, ಏಕೆಂದರೆ ಆಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ದಢ್ ಎಂದು ಶಬ್ದವಾಯಿತು. ಕಣ್ಣು ಬಿಟ್ಟಾಗ ಟ್ರಾಕ್ಟರು ದಾಟಿ ಹೋಗಿತ್ತು. ನಮ್ಮ ಕಾರಿನ ಎಡಗಡೆಯ ಮುಂದಿನ ಚಕ್ರ ಮೋರಿಯ ಕಲ್ಲಿಗೆ ಒರಗಿ ನಿಂತಿತ್ತು. ಇಳಿದು ನೋಡಿದೆವು. ಗಾಳಿ ಹೋಗಿರಲಿಲ್ಲ, ಬಂಪರಿಗೆ ಗೀರೂ ಬಿದ್ದಿರಲಿಲ್ಲ. ಅತ್ತೆ ಸೀರೆಯ ಮೇಲಿನ ಕಡಲೆಸಿಪ್ಪೆ ಕೊಡವಿಕೊಂಡು ತೀರ್ಪು ಕೊಟ್ಟರು: “ಏನೂ ಆಗಿಲ್ಲ ಬುಡು ಸುಜಾತ. ಗಂಡಸ್ರಿಗೆ ಎಲ್ಲಾನೂ ಹೇಳ್ತಾ ಕೂತ್ರೆ ಉಣ್ಣಾಕೆ ಹೊತ್ತಿರಕಿಲ್ಲ.” ಕೀ ಹೋದರೆ ಅವರ ಕುಣಿಗಲ್ ಭಾನುವಾರಗಳೂ ಹೋಗುತ್ತವೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೇಳಲಿಲ್ಲ. ಆದರೆ ಅವತ್ತಿನಿಂದ ಕಾರು ನೇರ ಹೋಗುವಾಗಲೂ ಸ್ಟೇರಿಂಗ್ ಸ್ವಲ್ಪ ಓರೆಯಾಗಿ ನಿಲ್ಲುತ್ತಿತ್ತು, ಕಾರು ಮೆಲ್ಲಗೆ ಎಡಕ್ಕೆ ಎಳೆಯುತ್ತಿತ್ತು. ರಸ್ತೆಯ ಇಳಿಜಾರು ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತುಮಕೂರಿನಿಂದ ಗುಬ್ಬಿಗೆ ಹೋಗುವಾಗಲೂ ಎಡಕ್ಕೇ ಇಳಿಜಾರು, ಗುಬ್ಬಿಯಿಂದ ತುಮಕೂರಿಗೆ ಬರುವಾಗಲೂ ಎಡಕ್ಕೇ ಇಳಿಜಾರು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಟವಾಡಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸುತ್ತಿದ್ದೆ. ಗಾಳಿ ಹಾಕುತ್ತಿದ್ದವರು ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹಾಗೇ ಬಗ್ಗಿ ಒಳಗೆ ನೋಡಿದರು. ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ, ನನ್ನನ್ನು ಕೆಳಗಿಳಿಸಿ ತೋರಿಸಿದರು. ಹೊರಗಿನಿಂದ ನೋಡಿದರೆ ಟೈರು ಹೊಸದರಂತಿತ್ತು, ಅಚ್ಚು ಅಚ್ಚಾಗಿ ಗೆರೆಗಳಿದ್ದವು. ಒಳಗಡೆಯ ಅಂಚು ಮಾತ್ರ ಬೋಳು. ಬೋಳಿನ ನಡುವೆ ಒಂದು ಕಡೆ ಸಣ್ಣ ತಂತಿಗಳು ಹೊಳೆಯುತ್ತಿದ್ದವು. “ಇದ್ರಲ್ಲಿ ಹೈವೇಗೆ ಹೋಗ್ತಿದೀರಾ ಮೇಡಂ?” ಎಂದರು ಅವರು. ಧ್ವನಿಯಲ್ಲಿ ಬೈಗುಳವೇನೂ ಇರಲಿಲ್ಲ, ಬರೀ ಆಶ್ಚರ್ಯವಿತ್ತು. ಹಿಂದಿನ ಸಂಜೆ ಅದೇ ಟೈರಿನ ಮೇಲೆ ನಾನು ಎರಡು ಲಾರಿಗಳ ನಡುವೆ ಬಂದಿದ್ದೆ.

ಅವರು ಸ್ಟೆಪ್ನಿ ಹಾಕಿಕೊಟ್ಟರು. ಅವತ್ತು ಗುಬ್ಬಿಗೆ ಸೈಕಲ್ಲಿನ ವೇಗದಲ್ಲಿ ಹೋದೆ. ಹಿಂದಿನಿಂದ ಬಂದ ಹಾರನ್ನುಗಳೆಲ್ಲ ನನ್ನ ಅಪರಾಧವನ್ನು ಊರಿಗೆ ಸಾರುತ್ತಿರುವಂತೆ ಕೇಳಿಸಿದವು. ಮಧ್ಯಾಹ್ನ ಆಂಬುಲೆನ್ಸ್ ಡ್ರೈವರ್ ರಂಗಣ್ಣನನ್ನು, ಟೈರು ಒಂದೇ ಕಡೆ ಸವೆಯುವುದೇಕೆ ಎಂದು ಕೇಳಿದೆ. ಗಾಳಿ ಕಡಿಮೆಯಾದರೆ ಎರಡು ಅಂಚೂ ಸವೆಯುತ್ತವೆ, ಹೆಚ್ಚಾದರೆ ನಡುಮಧ್ಯ ಸವೆಯುತ್ತದೆ, ಒಂದೇ ಕಡೆ ಸವೆದರೆ ಚಕ್ರ ಸೊಟ್ಟ ನಿಂತಿದೆ ಎಂದರ್ಥ ಎಂದು ವಿವರಿಸಿ, “ಎಲ್ಲಾದ್ರೂ ಜೋರಾಗಿ ಬಡಿದಿತ್ತಾ ಮೇಡಂ?” ಎಂದು ಕೇಳಿದ. ಇಲ್ಲವಲ್ಲ ಎಂದೆ. ದಿನಾ ಬೆಳಿಗ್ಗೆ ನನ್ನೆದುರು ತೋಳು ಚಾಚಿ ಕೂತು, ಏನೂ ತಿಂದಿಲ್ಲ ಮೇಡಂ ಎನ್ನುವವರ ತುಟಿಯಂಚಿನಲ್ಲಿ ಕಾಫಿಯ ಗುರುತನ್ನು ನಾನು ಎಷ್ಟು ನೋಡಿದ್ದೇನೋ. ಅವರ ಮುಖವೆಲ್ಲ ಆ ಗಳಿಗೆ ನನ್ನ ಮುಖವಾಗಿತ್ತು. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿಂದ ಒಬ್ಬರು ರಕ್ತ ಪರೀಕ್ಷೆಗೆ ಬಂದಾಗ ಅವರನ್ನೂ ಬಿಡಲಿಲ್ಲ. ಆಕಾಶಕ್ಕೆ ಹಾರುವುದನ್ನು ಮಾಡುವವರಿಗೆ ನೆಲದ ಚಕ್ರ ಗೊತ್ತಿರಲಾರದೇ ಎಂದು ಕೇಳಿದರೆ, ತಾವು ಅಲ್ಲಿ ಕ್ಯಾಂಟೀನಿನಲ್ಲಿರುವುದು ಎಂದು ಅವರು ಹೇಳಿ ಸೂಜಿಯ ಕಡೆ ಗಾಬರಿಯಿಂದ ನೋಡಿದರು.

ಮನೆಯಲ್ಲಿ ಯಜಮಾನರು ಟೈರೇ ಕಳಪೆ ಎಂದು ತೀರ್ಮಾನಿಸಿ ಹೊಸದೊಂದನ್ನು ಹಾಕಿಸಿದರು. ಕಾರಣ ಬಲ್ಲ ಇಬ್ಬರೂ ಅದೇ ಹೊತ್ತಿನಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ಹೊಸ ಟೈರಿನ ಮೇಲೆ ಮೊದಲ ವಾರ ನಾನು ರಾಣಿಯಂತೆ ಓಡಾಡಿದೆ. ಆಮೇಲೆ ಅನುಮಾನ ಶುರುವಾಯಿತು. ದಿನಾ ಆಸ್ಪತ್ರೆಯ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ, ಯಾರೂ ಇಲ್ಲದ್ದು ನೋಡಿ, ಟೈರಿನ ಒಳ ಅಂಚಿನ ಮೇಲೆ ಕೈಯಾಡಿಸುತ್ತಿದ್ದೆ. ಒಂದೂವರೆ ತಿಂಗಳಾಗುವಷ್ಟರಲ್ಲಿ ಬೆರಳಿಗೆ ಗೊತ್ತಾಯಿತು. ಹೊರಗಡೆ ಒರಟು, ಒಳಗಡೆ ನುಣುಪು. ಇದು ಟೈರಿನ ತಪ್ಪಲ್ಲ. ನಾನು ಸುಮ್ಮನಿರುವವರೆಗೆ ಎಷ್ಟು ಟೈರು ಹಾಕಿದರೂ ಹೀಗೇ ತಿಂದುಹಾಕುತ್ತದೆ. ಒಂದು ಕಡೆ ಟೈರು ಸಿಡಿಯುವ ಭಯ, ಇನ್ನೊಂದು ಕಡೆ ಬಾಯಿ ಬಿಡುವ ಭಯ. ಎರಡರಲ್ಲಿ ಯಾವುದು ದೊಡ್ಡದು ಎಂದು ಅಳೆಯುತ್ತಾ ಇನ್ನೂ ಎರಡು ವಾರ ಕಳೆದೆ. ನಾಚಿಕೆಯ ಸಂಗತಿ ಎಂದರೆ ಎರಡನೆಯದೇ ದೊಡ್ಡದಿತ್ತು.

ಮುಂದಿನ ಭಾನುವಾರ ಯಜಮಾನರು ತಾವೂ ತಂಗಿಯ ಮನೆಗೆ ಬರುವುದಾಗಿ ಹೇಳಿ, ಕೀ ಕೈಗೆ ತೆಗೆದುಕೊಂಡು, ಇವತ್ತು ನಾನೇ ಓಡಿಸುತ್ತೇನೆ ಎಂದರು. ಅವರು ಓಡಿಸುವುದು ನನ್ನ ಹಾಗಲ್ಲ. ಖಾಲಿ ರಸ್ತೆ ಕಂಡರೆ ಕಾರಿಗೂ ಅವರಿಗೂ ಒಟ್ಟಿಗೆ ಹುರುಪು ಬರುತ್ತದೆ. ನಾನು ಮುಂದೆ, ಸರಿಯಾಗಿ ಎಡಗಡೆಯ ಚಕ್ರದ ಮೇಲೆ ಕೂತಿದ್ದೆ. ಹಿಂದೆ ಅತ್ತೆ. ಗೂಳೂರು ದಾಟಿದ ಮೇಲೆ ವೇಗ ಏರಿತು. ಕಾಲಡಿಯಲ್ಲಿ ಗುಂಯ್ ಎನ್ನುವ ಶಬ್ದ ಶುರುವಾಯಿತು, ಸ್ಟೇರಿಂಗ್ ಸಣ್ಣಗೆ ನಡುಗುತ್ತಿತ್ತು. ಕಾರು ಎಡಕ್ಕೆ ಎಳೆಯುತ್ತಿದೆಯಲ್ಲ ಎಂದು ಅವರು ಗೊಣಗಿದರು. ನಾನು ಇದುವರೆಗೆ ಹೆದರಿದ್ದೆಲ್ಲ ನನ್ನೊಬ್ಬಳ ಲೆಕ್ಕದಲ್ಲಿತ್ತು. ಈಗ ಏನೂ ಗೊತ್ತಿಲ್ಲದ ಒಬ್ಬ ಮನುಷ್ಯ, ಹಿಂದೆ ತನ್ನ ತಾಯಿಯನ್ನು ಕೂರಿಸಿಕೊಂಡು, ನಾನು ಮುಚ್ಚಿಟ್ಟದ್ದರ ಮೇಲೆ ಅಷ್ಟು ಜೋರಾಗಿ ಹೋಗುತ್ತಿದ್ದ.

“ಗಾಡಿ ನಿಲ್ಸಿ,” ಎಂದೆ.

ಯಾಕೆ, ವಾಂತಿ ಬರುತ್ತಿದೆಯಾ ಎಂದು ಕೇಳುತ್ತಾ ಅವರು ರಸ್ತೆ ಪಕ್ಕಕ್ಕೆ ನಿಲ್ಲಿಸಿದರು.

“ನಾನು ಗುದ್ದಿದೀನಿ. ಮೋರಿ ಕಲ್ಲಿಗೆ. ರಾಗಿ ಕಟಾವಿನ ಟೈಮಲ್ಲಿ. ಅವತ್ತಿಂದ ಹಿಂಗೇ ಇದೆ.”

ಅವರು ಇಂಜಿನ್ ಆರಿಸಿದರು. ಹಿಂದಿನಿಂದ ಅತ್ತೆ, “ನಾನೂ ಇದ್ದೆ ಕಣಪ್ಪ. ಹೇಳ್ಬೇಡ ಅಂದಿದ್ದೂ ನಾನೇ,” ಎಂದರು. ಯಜಮಾನರು ಇಳಿದುಹೋಗಿ, ಚಕ್ರದ ಮುಂದೆ ಕೂತು ಟೈರಿನ ಒಳಗೆ ಕೈ ಹಾಕಿದರು. ನಾನು ಬೈಗುಳಕ್ಕೆ ತಯಾರಾಗಿ ಬಾಗಿಲ ಹಿಡಿಯನ್ನು ಹಿಡಿದುಕೊಂಡು ನಿಂತಿದ್ದೆ. ಅವರು ತಲೆಯೆತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಹೆದರಿದ ಮುಖ ಹೇಗಿರುತ್ತದೆ ಎನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಆರ್ ತಿಂಗಳು ದಿನಾ ಇದ್ರಲ್ಲೇ ಗುಬ್ಬಿಗೆ ಹೋಗ್ತಿದ್ಯಲ್ಲ ಸುಜಾತ,” ಎಂದರು. ಅಷ್ಟೇ.

ಕುಣಿಗಲ್‌ಗೆ ಹೋಗಲಿಲ್ಲ. ಗಾಡಿ ತಿರುಗಿಸಿ, ನನಗಿಂತಲೂ ನಿಧಾನವಾಗಿ ತುಮಕೂರಿಗೆ ಬಂದೆವು. ಅತ್ತೆ ದಾರಿಯುದ್ದಕ್ಕೂ ಒಂದು ತೋಟದ ಸುದ್ದಿಯನ್ನೂ ಎತ್ತಲಿಲ್ಲ.

ಮಾರನೆಯ ದಿನ ವೀಲ್ ಅಲೈನ್‌ಮೆಂಟ್ ಅಂಗಡಿಯ ಪಾಷಾ ಸಾಹೇಬರ ಮುಂದೆ ನಾನೇ ಎಲ್ಲವನ್ನೂ ಹೇಳಿದೆ, ಕಣ್ಣು ಮುಚ್ಚಿದ್ದನ್ನೂ ಸೇರಿಸಿ. ಅವರು ಕಾರನ್ನು ಮೇಲೆತ್ತಿ, ಚಕ್ರ ಹಿಡಿದು ಅಲುಗಿಸಿ, ಅದನ್ನು ಹಿಡಿದಿಡುವ ಕಬ್ಬಿಣದ ತೋಳೊಂದು ಬಗ್ಗಿಹೋಗಿರುವುದನ್ನು ತೋರಿಸಿದರು. ಕಾಲು ಸೊಟ್ಟ ಹಾಕಿ ನಡೆಯುವವರ ಚಪ್ಪಲಿ ಒಂದೇ ಕಡೆ ಸವೆಯುತ್ತದಲ್ಲ, ಇದೂ ಹಾಗೇ ಮೇಡಂ, ಚಪ್ಪಲಿ ಬದಲಾಯಿಸಿದರೆ ಕಾಲು ನೆಟ್ಟಗಾಗುತ್ತದೆಯೇ ಎಂದರು. ತೋಳು ಬದಲಾಯಿಸಿ, ಕಂಪ್ಯೂಟರಿನಲ್ಲಿ ಚಕ್ರಗಳನ್ನು ನೇರ ಮಾಡಿದರು. ಗಾಳಿಯನ್ನು ಟೈರು ತಣ್ಣಗಿದ್ದಾಗಲೇ ನೋಡಿಸಿ, ಐದಾರು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನ ಟೈರು ಮುಂದೆ, ಮುಂದಿನದು ಹಿಂದೆ ಹಾಕಿಸಿ, ಆಗಾಗ ಒಳ ಅಂಚಿಗೆ ಕೈಯಾಡಿಸಿ ನೋಡಿ ಎಂದು ಹೇಳಿಕೊಟ್ಟರು. ಎಲ್ಲಾದರೂ ಬಡಿದರೆ ಅವತ್ತೇ ಬನ್ನಿ, ಟೈರು ಸವೆಯುವವರೆಗೆ ಕಾಯಬೇಡಿ ಎಂದರು. ಹೊರಗೆ ಬಂದಾಗ ಯಜಮಾನರು ಕೀಯನ್ನು ನನ್ನ ಕೈಗೇ ಕೊಟ್ಟರು. ಷರತ್ತಿನ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಅವತ್ತಿನಿಂದ ನಾನು ಬದಲಾಗಿದ್ದೇನೆ ಎಂದು ಧೈರ್ಯವಾಗಿ ಹೇಳಿಕೊಳ್ಳಬಲ್ಲೆ. ಅದಕ್ಕೆ ಸಾಕ್ಷಿಯೂ ಇದೆ. ಹೋದ ವಾರ ತುಮಕೂರಿನಲ್ಲಿ ಒಂದು ಮದುವೆ ಛತ್ರದ ಮುಂದೆ ಕಾರು ನಿಲ್ಲಿಸುವಾಗ ಫುಟ್‌ಪಾತಿನ ಕಲ್ಲಿಗೆ ಚಕ್ರ ತಗುಲಿತು, ಈ ಸಲ ಬಲಗಡೆಯದು. ಊಟಕ್ಕೂ ನಿಲ್ಲದೆ ನೇರವಾಗಿ ಪಾಷಾ ಸಾಹೇಬರ ಹತ್ತಿರ ಹೋಗಿ, ಎಷ್ಟು ವೇಗದಲ್ಲಿದ್ದೆ, ಯಾವ ಕಡೆ ನೋಡುತ್ತಿದ್ದೆ, ಒಂದನ್ನೂ ಬಿಡದೆ ಒಪ್ಪಿಕೊಂಡೆ. ಅವರು ಪರೀಕ್ಷಿಸಿ, ಏನೂ ಆಗಿಲ್ಲ ಎಂದರು. ಇಷ್ಟು ಬೇಗ ಬಂದದ್ದಕ್ಕೆ ಮೆಚ್ಚಿಕೊಂಡರು. ಈಗ ನಿಮ್ಮ ಹತ್ತಿರವೂ ಹೇಳಿದ್ದಾಯಿತು. ಇನ್ನು ಉಳಿದಿರುವುದು ಯಜಮಾನರಿಗೆ ಹೇಳುವುದು. ಈ ಭಾನುವಾರ ಹೇಳೋಣ ಅಂದುಕೊಂಡಿದ್ದೆ. ಅತ್ತೆ ಮಾತ್ರ ಮುಂದಿನ ಭಾನುವಾರ ಕುಣಿಗಲ್‌ಗೆ ಹೋಗಿಬಂದ ಮೇಲೆ ಹೇಳಿದರೆ ಒಳ್ಳೆಯದು ಅನ್ನುತ್ತಿದ್ದಾರೆ. ಹಿರಿಯರ ಮಾತು ಮೀರುವುದಕ್ಕೆ ನನಗೆ ಮೊದಲಿನಿಂದಲೂ ಹೆದರಿಕೆ.