ಗೋಡೆಗೂ ವೀಸಾಕ್ಕೂ ಒಂದೇ ಫೋಟೋ

ಫೋಟೋ ತೆಗೆಸಿಕೊಳ್ಳುವುದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಸುಮ್ಮನೆ ಕೂಡಬೇಕು, ಕಣ್ಣು ಮುಚ್ಚಬಾರದು. ನಾನು ಕಲಿತದ್ದು ಎರಡನೇ ಇಯತ್ತೆ. ಅಷ್ಟು ವಿದ್ಯೆ ಈ ಕೆಲಸಕ್ಕೆ ಸಾಕಾಗಿ ಇನ್ನೂ ಮಿಗುತ್ತದೆ ಎಂದೇ ತಿಳಿದಿದ್ದೆ.

ಆಗ ನನ್ನ ಮಗಳು ಶಾಂತಾ ಕುವೈತದಲ್ಲಿದ್ದಳು. ಅಳಿಯ ಅಲ್ಲಿಯ ಒಂದು ದವಾಖಾನೆಯಲ್ಲಿ ಕಂಪೌಂಡರ್. ಬೈಲಹೊಂಗಲದವರಿಗೆ ಬೆಳಗಾವಿಯೇ ದೂರವಾಗಿದ್ದ ಕಾಲ ಅದು. ನಮ್ಮ ಓಣಿಯವರು, "ಕುವೈತ ಅಂದ್ರ ಸೊಲ್ಲಾಪುರ ದಾಟಿ ಬರತೈತೇನು?" ಎಂದು ಕೇಳುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ. ದಾಟಿಯೇ ಬರುತ್ತದಲ್ಲ.

ಶಾಂತಾಳಿಗೆ ಮೊದಲು ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ನಿಂತಿತು. ಆದರೆ ಡಾಕ್ಟರರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು. ತವರಿಗೆ ಬರಲಾಗದ ಮಗಳ ಹತ್ತಿರ ತವರೇ ಎದ್ದು ಹೋಗಬೇಕು. ಅಂದರೆ ನಾನು. "ಅವ್ವಾ, ಬ್ಯಾನಿ ಬರೂದರಾಗ ನೀ ನನ್ನ ಮಗ್ಗಲಕ ಇರಬೇಕು" ಎಂದು ಹೇಳಿ ಕಳಿಸಿದ್ದಳು. ಇರುತ್ತೇನೆ ಎಂದು ನಾನೂ ಹೇಳಿ ಕಳಿಸಿದ್ದೆ.

ಪಾಸ್‌ಪೋರ್ಟು ಆಗಿತ್ತು. ಅದಕ್ಕೆ ಧಾರವಾಡದಲ್ಲಿ ಗಡಿಬಿಡಿಯಿಂದ ತೆಗೆಸಿದ ಫೋಟೋದಲ್ಲಿ ನಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಕಾಣುತ್ತೇನೆ. ನನ್ನ ಎಡಗೆನ್ನೆಯ ಮೇಲೆ ಅವರೆಕಾಳಿನಷ್ಟು ದಪ್ಪ ನರೂಲಿ ಇದೆ. ಆ ಫೋಟೋದಲ್ಲಿ ಅದು ನನಗಿಂತ ಮುಂದೆ ಬಂದು ಕುಳಿತಿದೆ. ಮೈಮೇಲಿನ ಗುರುತು ಎಂಬ ಕಡೆ ಸರಕಾರವೂ ಅದನ್ನೇ ಬರೆದುಕೊಂಡಿತ್ತು.

ಉಳಿದದ್ದು ವೀಸಾ. ಅಂದರೆ, ಈಕೆ ನಮ್ಮ ದೇಶಕ್ಕೆ ಬರಲಿ ಎಂದು ಅವರು ಪಾಸ್‌ಪೋರ್ಟಿನ ಮೇಲೆ ಹೊಡೆಯುವ ಶಿಕ್ಕಾ. ಮುಂಬಯಿಯಲ್ಲಿರುವ ಅವರ ಕಚೇರಿಗೆ ಹೋಗಿ ಹೊಸ ಫೋಟೋ ನಾಲ್ಕು ಕೊಟ್ಟರೆ ಆಯಿತು, ಮರುದಿನ ಹಡಗು ಹತ್ತಬಹುದು ಎಂದು ಅಳಿಯ ತಿಳಿಸಿದ್ದ. ಹಡಗಿನ ಟಿಕೀಟೂ ಬಂದಿತ್ತು.

ಇಲ್ಲಿ ನನ್ನ ತಲೆ ಓಡಿತು. ಓಡಬಾರದಾಗಿತ್ತು.

ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸು ಒಬ್ಬಳೇ ಕುಳಿತು ಫೋಟೋ ತೆಗೆಸುವುದು ಒಂದೇ ಕಾರಣಕ್ಕೆ. ಸತ್ತ ಮೇಲೆ ಗೋಡೆಗೆ ಹಾಕುವುದಕ್ಕೆ. ತೆಗೆಸದೆ ಸತ್ತವರ ಗತಿಯನ್ನು ನಾನು ಕಂಡಿದ್ದೆ. ನಮ್ಮ ಅತ್ತೆ ತೀರಿಕೊಂಡಾಗ ಯಾರದೋ ಮದುವೆಯ ಗುಂಪಿನ ಫೋಟೋದಿಂದ ಅವರ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಇಂದಿಗೂ ಗೋಡೆಯ ಮೇಲೆ ಅತ್ತೆಯವರ ಹೆಗಲ ಮೇಲೆ ಯಾರದೋ ಕೈ ಇದೆ. ಯಾರದೆಂದು ಗೊತ್ತಿಲ್ಲ. ಗಂಡಸಿನದು.

ಯಜಮಾನರಿಗೆ ಹೇಳಿದೆ. "ಹೆಂಗೂ ಇಳಕಲ್ಲ ಸೀರಿ ಉಟಗೊಂಡು ಹೋಗತೇನಿ. ಗ್ವಾಡಿಗೂ ವೀಸಾಕೂ ಒಂದ ಫೋಟೋ ಆಗಿಬಿಡಲಿ."

"ಶಾಣ್ಯಾಕಿ ಅದಿ ನೀ," ಎಂದರು.

ಮದುವೆಯಾದಾಗಿನಿಂದ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅಲ್ಲಿಯೇ ನಾನು ಹೆದರಬೇಕಾಗಿತ್ತು.

ಬಜಾರದಲ್ಲಿ ಬಾಬುಸಾಬನ ಫೋಟೋ ಸ್ಟುಡಿಯೋ. ಹಿಂದಿನ ಪರದೆಯ ಮೇಲೆ ಒಂದು ಅರಮನೆ, ಒಂದು ಕೆರೆ, ಕೆರೆಯಲ್ಲಿ ಕತ್ತು ಉದ್ದವಾದ ಒಂದು ಹಕ್ಕಿ. ನಾನು ಬಂದ ಕಾರಣ ಕೇಳಿ ಬಾಬುಸಾಬ ಮೆತ್ತಗಾದ.

"ಗ್ವಾಡಿಗೆ ಅಂದ್ರೇನ್ರಿ, ಗಂಗವ್ವಾರ? ತಬ್ಬೇತ ಹೆಂಗೈತ್ರಿ?"

"ತಬ್ಬೇತಿಗೆ ಏನಾಗೇತಿ? ಕುವೈತಕ್ಕ ಹೊಂಟೇನಿ. ಅವರಿಗೆ ಸಣ್ಣವು ನಾಕು ಬೇಕು. ಗ್ವಾಡಿಗೆ ದೊಡ್ಡದೊಂದು. ಚಂದ ಮಾಡಪಾ. ಸಾಯೂದು ಒಮ್ಮೆ."

"ನನಗ ಬಿಡ್ರಿ ಅದನ್ನ. ನನ್ನ ಕೈಯಾಗಿನ ಫೋಟೋ ಗ್ವಾಡಿಗೆ ಹಾಕಿದ ಮ್ಯಾಲ ಯಾರೂ ತಕರಾರು ತಂದಿಲ್ಲ."

ಸತ್ತವರು ತಕರಾರು ತರುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ.

ಫೋಟೋ ಕೈಗೆ ಬಂತು. ತಲೆ ಕಾಗೆಯಷ್ಟು ಕಪ್ಪು. ಮುಖದ ಮೇಲೆ ಒಂದು ಸುಕ್ಕಿಲ್ಲ. ಗಲ್ಲ ಎಂದರೆ ಬೆಣ್ಣೆ ಸವರಿದ ಹಾಗೆ. ತಲೆಯ ಹಿಂದೆ ಹುಣ್ಣಿಮೆಯ ಚಂದ್ರನಷ್ಟು ದೊಡ್ಡ ಬೆಳಕಿನ ಬಳೆ, ದೇವರ ಪಟದಲ್ಲಿ ಇರುವಂಥದ್ದು. ಎಲ್ಲ ಪ್ರತಿ ತೆಗೆಯುವ ಮೂಲ ಗಾಜಿನ ಮೇಲೆಯೇ ಕುಂಚ ಆಡಿಸಿದ್ದರಿಂದ ದೊಡ್ಡದರಲ್ಲಿ ಏನಿತ್ತೋ ಸಣ್ಣವುಗಳಲ್ಲೂ ಅದೇ ಇತ್ತು.

"ನರೂಲಿ ಎಲ್ಲೆಪಾ?"

"ತಗದೇನ್ರಿ. ಡಾಕ್ಟರ ಕೈಯಾಗಾದ್ರ ನೋವು ಆಗತಿತ್ತು. ನನ್ನ ಕೈಯಾಗ ನಿಮಗ ಗೊತ್ತರ ಆತೇನ್ರಿ?"

ನಾನು ಸಿಟ್ಟಾಗಬೇಕಾಗಿತ್ತು. ಆಗಲಿಲ್ಲ. ದಾರಿಯುದ್ದಕ್ಕೂ ಫೋಟೋವನ್ನು ಸೆರಗಿನೊಳಗಿಂದ ತೆಗೆತೆಗೆದು ನೋಡಿಕೊಂಡೆ. ಮಗ್ಗುಲ ಮನೆಯ ನಾಗವ್ವನಿಗೆ ತೋರಿಸಿದೆ. ಅವಳು ಬೆಳಕಿಗೆ ಹಿಡಿದು ನೋಡಿ, "ಯಾರವ್ವಾ ಇಕಿ? ಚಂದ ಅದಾಳ. ಲಗ್ನ ಆಗೇತೇನು?" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ. ನಾಗವ್ವನಿಗೆ ಮೊದಲಿನಿಂದಲೂ ನನ್ನ ಮೇಲೆ ಹೊಟ್ಟೆಕಿಚ್ಚು.

ದೊಡ್ಡ ಫೋಟೋವನ್ನು ಕಟ್ಟು ಹಾಕುವುದಕ್ಕೆ ಕೊಟ್ಟು, ಬಾಣಂತಿಗೆಂದು ಅಂಟಿನುಂಡಿ ಕಟ್ಟಿಕೊಂಡು, ಕೂಸಿಗೆ ಹೊದಿಸಲು ಕೌದಿ, ಕಣ್ಣಿಗೆ ಹಚ್ಚಲು ಕಾಡಿಗೆ ಡಬ್ಬಿ ಇಟ್ಟುಕೊಂಡು ಯಜಮಾನರ ಜೊತೆ ಬೆಳಗಾವಿಗೆ ಹೋಗಿ ಮುಂಬಯಿ ರೈಲು ಹತ್ತಿದೆ.

ಕಚೇರಿಯಲ್ಲಿ ಕಿಟಕಿಯ ಮುಂದೆ ದೊಡ್ಡ ಸಾಲು. ನಮ್ಮ ಹಿಂದೆ ಸವದತ್ತಿಯ ದಸ್ತಗೀರ ಎಂಬ ಡ್ರೈವರ ನಿಂತಿದ್ದ. ಅವನೂ ಕುವೈತಕ್ಕೆ ಹೊರಟವನೇ. ನನಗೆ ಹಿಂದಿ ಬಾರದ್ದರಿಂದ ಕಿಟಕಿಯೊಳಗಿನ ಸಾಹೇಬನ ಮಾತನ್ನು ಅವನೇ ನನಗೆ ಹೇಳಬೇಕಾಯಿತು. ಪಾಪ, ಅವನು ಮಾಡಿದ ತಪ್ಪು ನಮ್ಮ ಹಿಂದೆ ನಿಂತದ್ದು.

ಸಾಹೇಬ ಪಾಸ್‌ಪೋರ್ಟು ನೋಡಿದ. ಹೊಸ ಫೋಟೋ ನೋಡಿದ. ನನ್ನನ್ನು ನೋಡಿದ. ಮತ್ತೆ ಮೊದಲಿನಿಂದ ಶುರುಮಾಡಿದ.

"ಅಮ್ಮಾ, ವೀಸಾ ಬೇಕಾಗಿದ್ದು ನಿಮಗೋ ನಿಮ್ಮ ಮಗಳಿಗೋ ಅಂತ ಕೇಳಾಕ ಹತ್ಯಾರ್ರಿ," ಎಂದ ದಸ್ತಗೀರ.

"ನನಗ."

"ಮತ್ತ ಮಗಳ ಫೋಟೋ ಯಾಕ ಕೊಟ್ಟೀರಿ ಅಂತಾರ."

"ಅದು ನಾನ ಅಂತ ಹೇಳಪಾ."

ಅವನು ಹೇಳಿದ. ಹೇಳುವಾಗ ಅವನ ದನಿಯಲ್ಲಿಯೂ ನಂಬಿಕೆ ಇರಲಿಲ್ಲ. ಸಾಹೇಬ ಇನ್ನೊಬ್ಬ ಸಾಹೇಬನನ್ನು ಕರೆದ. ಅವನು ಬೆಳಕಿನ ಬಳೆಯ ಮೇಲೆ ಬೆರಳಿಟ್ಟು, ಆಮೇಲೆ ಮೇಲಕ್ಕೆ ಕೈ ತೋರಿಸಿ ಏನೋ ಕೇಳಿದ.

"ಈ ಹೆಣಮಗಳು ಬದುಕಿದ್ದಾಳೋ ತೀರಿಕೊಂಡಾಳೋ ಅಂತಾರ್ರಿ."

"ಎದುರಿಗೆ ನಿಂತೇನಲ್ಲಪಾ!"

"ಹೌದ್ರಿ. ಆದರ ಗುರುತಿನ ನರೂಲಿ ಫೋಟೋದಾಗ ಎಲ್ಲೈತಿ ಅಂತಾರ."

"ಬಾಬುಸಾಬ ತಗದಾನ."

ಬಾಬುಸಾಬ ಯಾರು ಎಂದು ಅವರು ಕೇಳಿದರು. ಅದನ್ನು ತಿಳಿಸಿ ಹೇಳುವಷ್ಟು ಹಿಂದಿ ದಸ್ತಗೀರನ ಹತ್ತಿರವೂ ಇರಲಿಲ್ಲ. ಫೋಟೋ ನಾಲ್ಕೂ ಕಿಟಕಿಯಿಂದ ಹೊರಗೆ ಬಂದವು.

ಆಗ ನಮ್ಮ ಯಜಮಾನರು ಬಾಯಿ ತೆರೆದರು. "ಇಷ್ಟಕ್ಕ ಯಾಕ ಗಾಬರಿ? ನರೂಲಿ ಇಲ್ಲಂದ್ರ ಹಚ್ಚಿದರಾತು."

ಮೂಲೆಯಲ್ಲಿ ಕುಳಿತೆವು. ಅವರು ಫೋಟೋವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಕೂಸಿನ ಕಾಡಿಗೆ ಡಬ್ಬಿ ತೆಗೆದು, ಬೆಂಕಿಕಡ್ಡಿಯ ತುದಿಯಿಂದ ಒಂದು ಬೊಟ್ಟು ಇಟ್ಟರು. ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಅವರು ಮಾಡಿದ ಕೆಲಸ ಇನ್ನೊಂದಿಲ್ಲ.

ನಾನು ಬಗ್ಗಿ ನೋಡಿ, "ಇನ್ನಷ್ಟು ದಪ್ಪ ಮಾಡ್ರಿ. ನಂದು ದೊಡ್ಡದೈತಿ," ಎಂದೆ.

ದಪ್ಪ ಮಾಡಿದರು. ನಾಲ್ಕಕ್ಕೂ ಮಾಡಿದರು. ಮತ್ತೆ ಸಾಲಿನಲ್ಲಿ ನಿಂತೆವು.

ಸಾಹೇಬ ಫೋಟೋ ಹಿಡಿದ. ಅವನ ಹೆಬ್ಬೆರಳು ನರೂಲಿಯ ಮೇಲೆಯೇ ಬಿತ್ತು. ಕಾಡಿಗೆ ಎಣ್ಣೆಯದು. ನರೂಲಿ ಹರಿದು ಅರ್ಧ ಮೀಸೆಯಾಯಿತು. ಸಾಹೇಬ ತನ್ನ ಬೆರಳು ನೋಡಿಕೊಂಡ. ನಾನು ನೆಲ ನೋಡಿದೆ. ದಸ್ತಗೀರ ಮಾತ್ರ ಫೋಟೋವನ್ನೂ ನನ್ನನ್ನೂ ನೋಡಿ ಸಣ್ಣ ದನಿಯಲ್ಲಿ ಹೇಳಿದ. "ಅಮ್ಮಾ, ನಿಮ್ಮ ನರೂಲಿ ಎಡಕ್ಕೈತಿ. ಫೋಟೋದಾಗ ಹಚ್ಚಿದ್ದು ಬಲಗಡೆ ಗಲ್ಲಕ್ಕ."

ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಹೌದು. ನೋಡುವವರ ಎಡ ಎದುರಿಗೆ ಕುಳಿತವರ ಬಲವಲ್ಲವೆ? ಯಜಮಾನರು ತಮ್ಮ ಎಡಕ್ಕೆ ಇಟ್ಟಿದ್ದರು. ಸೆರಗು ಎಡಕ್ಕೋ ಬಲಕ್ಕೋ ಎಂದು ದಿನವೂ ನೋಡಿ ಉಡುವ ನಾನು, ಮುಖವನ್ನು ನೋಡಲಿಲ್ಲ.

ಸಾಹೇಬ ಎದ್ದು ನಿಂತ. ಖೋಟಾ ಎಂಬ ಮಾತು ತಿಳಿಯಲು ನನಗೆ ದಸ್ತಗೀರ ಬೇಕಾಗಲಿಲ್ಲ. ಬಾಗಿಲ ಕಾವಲುಗಾರ ಬಂದು ನಮ್ಮಿಬ್ಬರನ್ನೂ ಮರ್ಯಾದೆಯಿಂದ ಹೊರಗೆ ಕಳಿಸಿದ. ಹೊಸ ಫೋಟೋ ತೆಗೆಸಿ ಮುಂದಿನ ವಾರ ಬರಬೇಕಂತೆ. ಮರುದಿನ ಹಡಗು ಹೋಯಿತು. ದಸ್ತಗೀರನೂ ಹೋದ. ಹೋಗುವಾಗ, "ಮಗಳಿಗೆ ಏನರ ಹೇಳೂದೈತೇನ್ರಿ?" ಎಂದು ಕೇಳಿದ. ಏನು ಹೇಳುವುದು? ಅವ್ವನ ಮುಖ ಅವ್ವನಿಗೇ ಹೊಂದಲಿಲ್ಲವೆಂದೇ?

"ಬರಾಕ ಹತ್ತೇನಿ ಅಂತ ಹೇಳು," ಎಂದೆ.

ಆ ವಾರವೆಲ್ಲ ಛತ್ರದಲ್ಲಿ ಕುಳಿತು ನಾನು ದಿನ ಎಣಿಸಿದೆ. ಯಜಮಾನರು ಅಂಟಿನುಂಡಿ ತಿಂದರು. ಕೇಳಿದರೆ, "ಕೆಟ್ಟು ಹೋಗತಾವ," ಎಂದರು. ಬಾಣಂತಿಯ ಉಂಡಿ ತಿಂದು ಅವರ ಮುಖಕ್ಕೆ ಕಳೆ ಬಂತು.

ಬೀದಿಯ ಫೋಟೋದವ ಮುಖ ತೊಳೆದುಕೊಂಡು ಬಾ ಎಂದ. ಪೌಡರಿಲ್ಲ, ಅರಮನೆಯಿಲ್ಲ, ಹಕ್ಕಿಯಿಲ್ಲ. ನಾನು ಯಜಮಾನರಿಗೆ ಬೈಯುತ್ತಿರುವಾಗಲೇ ಗುಂಡಿ ಒತ್ತಿಬಿಟ್ಟ. ಬಾಯಿ ತೆರೆದಿದೆ, ಕಣ್ಣುಗಳು ಹೊರಗೆ ಬಂದಿವೆ, ನರೂಲಿ ಎಲ್ಲರಿಗಿಂತ ಮುಂದಿದೆ. ಈ ಸಲ ಕದ್ದದ್ದು ಕೋಳಿಯಲ್ಲ, ಆಕಳು. ಸಾಹೇಬ ಅದನ್ನು ನೋಡಿ ಮೊದಲ ಸಲ ನಕ್ಕ. ಶಿಕ್ಕಾ ಹೊಡೆದ. ಯಜಮಾನರು ನನ್ನನ್ನು ಮುಂದಿನ ಹಡಗು ಹತ್ತಿಸಿ ಊರಿಗೆ ಮರಳಿದರು.

ಹಡಗು ಇಳಿದಲ್ಲಿ ಇನ್ನೊಬ್ಬ ಸಾಹೇಬ ಕುಳಿತಿದ್ದ. ಅವನು ಕೇಳುವ ಮೊದಲೇ ನಾನು ಮುಖ ತಿರುಗಿಸಿ ಎಡಗೆನ್ನೆ ತೋರಿಸಿದೆ. ಅವನು ತಲೆಯೆತ್ತಲೂ ಇಲ್ಲ. ಶಿಕ್ಕಾ ನೋಡಿ, ಮುಂದೆ ಹೋಗು ಎಂದು ಕೈಬೀಸಿದ.

ಶಾಂತಾ ಹಡೆದು ನಾಲ್ಕು ದಿನವಾಗಿತ್ತು. ಹೆಣ್ಣು ಕೂಸು. ಇಬ್ಬರೂ ಗಟ್ಟಿ. ಮಗ್ಗುಲ ಮನೆಯ ಮಲೆಯಾಳಿ ನರ್ಸಮ್ಮ ಜೊತೆಗಿದ್ದು ಎಲ್ಲ ಮಾಡಿದ್ದಳು.

"ಬ್ಯಾನಿ ತಿನ್ನುವಾಗ ಬಾಗಲಾ ನೋಡಕೋತ ಇದ್ನಿ ಅವ್ವಾ," ಎಂದಳು ಶಾಂತಾ. "ಯಾಕ ತಡಾ ಮಾಡಿದಿ?"

"ಫೋಟೋ ಭಾಳ ಚಂದ ಬಂದಿತ್ತವ್ವಾ," ಎಂದೆ. ಕೂಸನ್ನು ಎತ್ತಿಕೊಂಡು ನೀರು ಹಾಕಲು ಬಚ್ಚಲಿಗೆ ಹೋದೆ.

ಕೂಸು ಅಂಬೆಗಾಲಿಡುವಾಗ ನಾನು ಊರಿಗೆ ಬಂದೆ. ಬಾಗಿಲಲ್ಲಿ ಕಾಲಿಟ್ಟವಳು ಅಲ್ಲಿಯೇ ನಿಂತೆ. ನಡುಮನೆಯ ಗೋಡೆಯ ಮೇಲೆ, ಅತ್ತೆಯ ಪಕ್ಕದಲ್ಲಿ, ನಾನು. ತಲೆಯ ಹಿಂದೆ ಚಂದ್ರ, ಕೊರಳಲ್ಲಿ ಹಾರ.

"ಏನ್ರಿ ಇದು?" ಎಂದೆ.

"ಕಟ್ಟು ಹಾಕಿದಾಂವ ಹಾರ ಪುಕ್ಕಟ ಕೊಟ್ಟ," ಎಂದರು ಯಜಮಾನರು. "ತಗದಿಟ್ಟರ ಜಿರಳಿ ತಿಂತಾವು."

ಅಷ್ಟರಲ್ಲಿ ಹಿಂದೆ ಯಾರೋ ಬಂದರು. ನಾನು ಕುವೈತದಲ್ಲಿದ್ದಾಗ ದೊಡವಾಡದಿಂದ ಎದುರು ಮನೆಗೆ ಬಾಡಿಗೆಗೆ ಬಂದ ಕಲ್ಲವ್ವ. ಕೈಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ. ಹೆಂಡತಿ ಸತ್ತ ಮುದುಕ ಒಬ್ಬನೇ ಇದ್ದಾನೆಂದು ಆ ಪುಣ್ಯಾತ್ಗಿತ್ತಿ ದಿನವೂ ತಂದು ಕೊಡುತ್ತಿದ್ದಳಂತೆ. ನಮ್ಮ ಯಜಮಾನರು ದಿನವೂ ತಿನ್ನುತ್ತಿದ್ದರಂತೆ. ಇಲ್ಲ, ಬದುಕಿದ್ದಾಳೆ ಎನ್ನಲು ಬಾಯಿ ಬಿಡುವಿದ್ದರೆ ತಾನೆ?

ನನ್ನನ್ನು ಕಂಡರೆ ಚೀರುತ್ತಾಳೆ ಎಂದುಕೊಂಡೆ. ಚೀರಲಿಲ್ಲ. ನನ್ನನ್ನು ನೋಡಿದಳು, ಗೋಡೆ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಅಕಿ ಅವ್ವೇನ್ರಿ ನೀವು?" ಎಂದು ನನ್ನ ಕೈ ಹಿಡಿದಳು. "ವಯಸ್ಸಿನ ಮಗಳನ್ನ ಕಳಿಸಿ ನೀವು ಉಳಿಯೂದಂದ್ರ ಏನ್ರಿ ಯಮ್ಮಾ. ದೇವರಿಗೆ ಕಣ್ಣಿಲ್ಲ. ಕುಂದರ್ರಿ, ಎರಡ ತುತ್ತು ಉಣ್ರಿ."

ಮುಂಬಯಿ ಸಾಹೇಬನಿಗೆ ಹೇಳಿ ಸೋತ ಮಾತನ್ನು ಮತ್ತೆ ಹೇಳುವ ಧೈರ್ಯ ನನಗಿರಲಿಲ್ಲ. ಈ ಸಲ ದಸ್ತಗೀರನೂ ಇರಲಿಲ್ಲ. ಫೋಟೋದ ಕೆಳಗೆ ಕುಳಿತೆ. ಸತ್ತುಹೋದ ಆ ಚೆಂದದ ಮಗಳ ಹೆಸರಿನಲ್ಲಿ ರೊಟ್ಟಿ ತಿಂದೆ.

ರೊಟ್ಟಿ ಚಲೋ ಇತ್ತು. ಇನ್ನೊಂದು ಹಾಕಿಸಿಕೊಂಡೆ.