ಟರ್ನರ್ ಮಗ ಕ್ಯಾಪ್ಟನ್ ಆದ ವರ್ಷ

ನಲವತ್ತು ಜನ ಒಂದೇ ತಗಡಿನ ಷೆಡ್ಡಿನಲ್ಲಿ ದಿನಾ ಎಂಟು ಗಂಟೆ ನಿಂತು ಕೆಲಸ ಮಾಡಿದರೆ ಇಂಥವು ನಡೆಯುತ್ತಲೇ ಇರುತ್ತವೆ, ಯಾರೂ ಬೇಕಂತ ನಡೆಸಬೇಕಿಲ್ಲ. ಪೀಣ್ಯದ ನಮ್ಮ ವರ್ಕ್‌ಶಾಪಿನಲ್ಲಿ ನಾನು ಸೂಪರ್‌ವೈಸರ್. ಮೂರನೇ ಲೇತ್‌ನ ಟರ್ನರ್, ಅಂದರೆ ಕಬ್ಬಿಣ ಕಡೆಯುವವರು, ಬಾಗಲಗುಂಟೆಯ ಹಳೇ ಕುಳ. ಈ ಸಲ ಅವರ ಮಗನನ್ನು ರಾಜ್ಯ ಕ್ರಿಕೆಟ್ ತಂಡದ ಕ್ಯಾಪ್ಟನ್ ಮಾಡಿದರು. ಅವತ್ತಿನಿಂದ ತಂಡ ನಡೆಸುವ ಹೊಣೆಯನ್ನು ನಮ್ಮ ಷೆಡ್ಡು ಹೊತ್ತುಕೊಂಡಿತು. ಹೊರಿ ಅಂತ ಯಾರೂ ಹೇಳಿರಲಿಲ್ಲ.

ಶಿಫಾರಸು

ಸುದ್ದಿ ಬಂದ ದಿನ ಟರ್ನರ್ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಕೈ ಒರೆಸಿಕೊಳ್ಳುವ ಮೊದಲೇ ವೆಲ್ಡರ್ ಅವರನ್ನು ಪಕ್ಕಕ್ಕೆ ಕರೆದ. ಅವನ ಬಾಮೈದ ಚಿಕ್ಕಬಾಣಾವರದಲ್ಲಿ ಟೆನಿಸ್ ಬಾಲಿನಲ್ಲಿ ಬೌಲಿಂಗ್ ಮಾಡುತ್ತಾನಂತೆ.

“ಅಣ್ಣಾ, ಸಕ್ಕತ್ ಸ್ಪೀಡು. ಮಗನಿಗೆ ಒಂದ್ ಮಾತು ಹೇಳ್ಬಿಡಿ, ಟೀಮಿಗೆ ತಗೊಳ್ಲಿ.”

“ನಾನು ಹೇಳಿದ್ರೆ ಅವನು ಕೊತ್ತಂಬರಿ ಸೊಪ್ಪೇ ತರಲ್ಲ ಕಣಪ್ಪಾ. ನಿನ್ ಬಾಮೈದನ್ನ ಎಲ್ಲಿ ತರ್ತಾನೆ?”

ವೆಲ್ಡರ್ ಎರಡು ದಿನ ಮಾತು ಬಿಟ್ಟ. ಮೈಸೂರು ಪಾಕ್ ಮಾತ್ರ ವಾಪಸ್ ಕೊಡಲಿಲ್ಲ.

ಅಪ್ಪನ ದೃಷ್ಟಿ

ಟರ್ನರ್ ಮಗನ ಆಟ ನೋಡುವುದಿಲ್ಲ. ತಾವು ನೋಡಿದರೆ ಅವನು ಔಟಾಗುತ್ತಾನೆ ಎಂದು ಅವರ ನಂಬಿಕೆ. ಊಟದ ಹೊತ್ತಿಗೆ ನಾವೆಲ್ಲ ಮೊಬೈಲಿಗೆ ಮುಗಿಬಿದ್ದರೆ ಅವರು ಗೋಡೆ ಕಡೆ ಮುಖ ಮಾಡಿ ಮುದ್ದೆ ಮುರಿಯುತ್ತಾರೆ.

ನಮ್ಮ ಕ್ವಾಲಿಟಿ ಇನ್‌ಸ್ಪೆಕ್ಟರ್ ಬಾಗಲಕೋಟೆ ಕಡೆಯವರು. ಅಳೆಯದೆ ಏನನ್ನೂ ಒಪ್ಪುವವರಲ್ಲ.

“ಅಷ್ಟು ಪವರ್ ಐತಿ ಅಂದ್ರ ಸುಮ್ನ ಯಾಕ ಬಿಡ್ತೀರಿ? ಎದುರಿನವ್ರು ಬ್ಯಾಟಿಂಗ್ ಮಾಡುವಾಗ ಇವ್ರನ್ನ ಮುಂದ ಕುಂದರಸ್ರಿ.”

ಕೂರಿಸಿದೆವು. ಟರ್ನರ್ ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದರು. ಎದುರಾಳಿ ಓಪನರ್ ಸೆಂಚುರಿ ಹೊಡೆದ.

ಇನ್‌ಸ್ಪೆಕ್ಟರ್ ವರದಿ ಕೊಟ್ಟರು: “ಇದು ಮನಿ ಮಂದಿಗಷ್ಟ ತಾಗೋ ದೃಷ್ಟಿ ರೀ. ಎಕ್ಸ್‌ಪೋರ್ಟ್‌ಗೆ ಬರಂಗಿಲ್ಲ.”

ಸಮತೂಕದ ನಾಣ್ಯ

ಆಮೇಲೆ ನಗು ಕಡಿಮೆಯಾಯಿತು. ಹುಡುಗ ಒಂದು ಟಾಸನ್ನೂ ಗೆಲ್ಲಲಿಲ್ಲ, ಹೆಚ್ಚಿನ ಪಂದ್ಯಗಳೂ ಕೈತಪ್ಪಿದವು. ನಾಲ್ಕು ದಿನದ ಕೊನೆಯ ಪಂದ್ಯ ಬೆಂಗಳೂರಿನಲ್ಲೇ. ಅದನ್ನೂ ಸೋತರೆ ಕ್ಯಾಪ್ಟನ್ ಪಟ್ಟ ಹೋದಂತೆ ಎಂದು ಪೇಪರಿನವರು ಬರೆದರು. ಟರ್ನರ್ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯತೊಡಗಿದರು. ಅದನ್ನು ನೋಡಿ ನನಗೂ ಸಂಕಟವಾಯಿತು.

“ಹುಡುಗನ ತಪ್ಪಲ್ರೀ, ನಾಣ್ಯದ ತಪ್ಪು,” ಎಂದರು ಇನ್‌ಸ್ಪೆಕ್ಟರ್. “ಒಂದ್ ಕಡೆ ಸಿಂಹ, ಇನ್ನೊಂದ್ ಕಡೆ ಅಂಕಿ. ತೂಕ ಸಮ ಹ್ಯಾಂಗ ಬರ್ತದ?”

ನಮ್ಮೂರಿನ ಪಂದ್ಯವಾದ್ದರಿಂದ ನಾಣ್ಯ ಚಿಮ್ಮುವವನು ನಮ್ಮ ಕ್ಯಾಪ್ಟನ್ನೇ. ಸರಿ, ಟರ್ನರ್ ಸ್ಟೀಲ್ ರಾಡಿನಿಂದ ನಾಣ್ಯ ಕಡೆದರು. ಇನ್‌ಸ್ಪೆಕ್ಟರ್ ಮೈಕ್ರೋಮೀಟರ್ ಹಿಡಿದು ಅಳೆದು ಎರಡನ್ನು ರಿಜೆಕ್ಟ್ ಮಾಡಿ ಮೂರನೆಯದನ್ನು ಪಾಸ್ ಮಾಡಿದರು. ಟರ್ನರ್ ಅದಕ್ಕೆ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಕುಂಕುಮದ ಜೊತೆ ಪೊಟ್ಟಣ ಕಟ್ಟಿ ಮಗನಿಗೆ ಕೊಟ್ಟರು. “ಟಾಸ್ ಹಾಕೋವಾಗ್ಲೇ ಬಿಚ್ಬೇಕು” ಎಂದು ಆಣೆ ಬೇರೆ.

ಪಂದ್ಯದ ಬೆಳಿಗ್ಗೆ ಮಷೀನುಗಳನ್ನು ನಾನೇ ನಿಲ್ಲಿಸಿದೆ. ಟಾಸ್ ಆಟವಲ್ಲವಲ್ಲ ಎಂದು ಟರ್ನರ್ ಕೂಡ ಈ ಕಡೆ ತಿರುಗಿದರು. ಮೊಬೈಲಿನಲ್ಲಿ ಮಗ ಪೊಟ್ಟಣ ಬಿಚ್ಚಿ ನೋಡದೆಯೇ ಚಿಮ್ಮಿದ. ಎದುರು ಕ್ಯಾಪ್ಟನ್ ಹೆಡ್ಸ್ ಎಂದ. ನಾಣ್ಯ ಬಿತ್ತು. ರೆಫ್ರಿ ಬಗ್ಗಿ ನೋಡಿದರು, ಎತ್ತಿ ತಿರುಗಿಸಿದರು, ಮತ್ತೆ ತಿರುಗಿಸಿದರು. ಇಬ್ಬರೂ ಕ್ಯಾಪ್ಟನ್‌ಗಳು ಹತ್ತಿರ ಬಂದು ತಲೆ ತೂರಿಸಿದರು.

“ಹೆಡ್ ಯಾವ ಕಡೆ ಇದೆ?” ಎಂದು ನಾನು ಇನ್‌ಸ್ಪೆಕ್ಟರನ್ನು ಕೇಳಿದೆ.

“ಹೆಡ್ ಕೆತ್ತಿದ್ರ ಬ್ಯಾಲೆನ್ಸ್ ಹೋಗ್ತಿತ್ತಲ್ರೀ,” ಎಂದರು.

ನಾಣ್ಯದ ಎರಡೂ ಬದಿ ಕನ್ನಡಿಯಷ್ಟು ನುಣುಪು. ಈ ಕಡೆ ನೋಡಿದರೆ ರೆಫ್ರಿಯ ಮುಖ, ತಿರುಗಿಸಿದರೂ ರೆಫ್ರಿಯ ಮುಖ.

ಕೊನೆಗೆ ರೆಫ್ರಿ ತಮ್ಮ ಜೇಬಿನ ನಾಣ್ಯ ತೆಗೆದುಕೊಟ್ಟರು. ಅದರಲ್ಲಿ ಹುಡುಗ ಎಂದಿನಂತೆ ಸೋತ. ಟರ್ನರ್ ಗೋಡೆ ಕಡೆ ತಿರುಗಿದವರು ನಾಲ್ಕು ದಿನ ಈ ಕಡೆ ನೋಡಲಿಲ್ಲ.

ನಾಲ್ಕನೇ ದಿನ ಸಂಜೆ ನಮ್ಮವರು ಕೂದಲೆಳೆಯಲ್ಲಿ ಗೆದ್ದರು. ಪಟ್ಟ ಉಳಿಯಿತು. ಮಗನ ಫೋನ್ ಬಂತು, ನಾವೆಲ್ಲ ಸುತ್ತುವರಿದು ಸ್ಪೀಕರ್ ಹಾಕಿಸಿದೆವು. ಗೆದ್ದದ್ದರ ಬಗ್ಗೆ ಟರ್ನರ್ ಒಂದು ಮಾತೂ ಕೇಳಲಿಲ್ಲ.

“ನಮ್ ನಾಣ್ಯದಿಂದ ನಿನ್ ಮಾನ ಹೋಯ್ತೇನೋ ಮಗಾ?”

“ಇಲ್ಲಪ್ಪಾ. ನಾಲ್ಕು ದಿನಾನೂ ಜೇಬಲ್ಲೇ ಇಟ್ಕೊಂಡಿದ್ದೆ. ಈ ಸೀಸನ್ನಲ್ಲಿ ನಾನು ಸೋಲದೇ ಇರೋ ಟಾಸ್ ಅದೊಂದೇ.”